ಭಾನುವಾರದ ಇಸ್ತ್ರಿ

ಆ ಶನಿವಾರ ಬೆಳಿಗ್ಗೆ ನಾಂತುಮೆಗೆ ಎಚ್ಚರವಾದದ್ದು ಗುದ್ದಲಿಗಳ ಸದ್ದಿಗೆ. ಊರಿನಲ್ಲಿ ಹೆಣವಿರುವಾಗ ಯಾರೂ ಮಣ್ಣು ಅಗೆಯುವುದಿಲ್ಲ. ಅವಳ ಗಂಡ ಲುಬೋವಾನನ್ನು ಹೂಳಿದ ಮೇಲೂ ಅಂಗಳದಲ್ಲಿ ಶೋಕದ ಬೆಂಕಿ ಉರಿಯುತ್ತಿದ್ದಷ್ಟು ದಿನ ಅಕ್ಕಪಕ್ಕದವರು ಗುದ್ದಲಿ ಮುಟ್ಟಿರಲಿಲ್ಲ. ನಿನ್ನೆ ಸಂಜೆ ಬೂದಿ ಗುಡಿಸಿ ಬಾಳೆಯ ಬುಡಕ್ಕೆ ಸುರಿದಾಗಿತ್ತು. ಅವರೆಯ ಸಾಲಿನಲ್ಲಿ ಕಳೆ ಎದ್ದಿತ್ತು. ಜನ ಕಾದಿದ್ದವರಂತೆ ತೋಟಕ್ಕಿಳಿದಿದ್ದರು.

ಅವಳು ಚಾಪೆಯ ಮೇಲೆ ಕೂತು ಆ ಸದ್ದು ಕೇಳಿಸಿಕೊಂಡಳು. ಸಿಟ್ಟು ಬರಬೇಕಿತ್ತೇನೋ. ಬರಲಿಲ್ಲ. ಅಳುವೂ ಬಂದಿರಲಿಲ್ಲ. ಸೋಮವಾರ ಲುಬೋವಾ ಯಾರದೋ ಮನೆಯ ಚಾವಣಿ ಹೊದಿಸುವಾಗ ಬಿದ್ದ ಎಂದು ಫೋನು ಬಂದಾಗ ಅವಳು ಕಂಪಾಲದ ಹಾಸ್ಟೆಲ್ಲಿನಲ್ಲಿ ಪರೀಕ್ಷೆಗೆ ಓದುತ್ತಿದ್ದಳು. ಅಂದಿನಿಂದ ಕೈಕಾಲು ತನ್ನವಲ್ಲ ಅನ್ನಿಸುತ್ತಿತ್ತು. ಯಾರೋ ಕೂರಿಸಿದರೆ ಕೂತಳು, ಏಳಿಸಿದರೆ ಎದ್ದಳು. ಶೋಕದ ಗುರುತೆಂದು ಸೊಂಟಕ್ಕೆ ಮರದ ತೊಗಟೆಯ ಬಟ್ಟೆಯ ಪಟ್ಟಿ ಕಟ್ಟಿದರು; ಕಟ್ಟಿಸಿಕೊಂಡಳು. ಓದಿದವಳ ಕಣ್ಣಲ್ಲಿ ನೀರು ಇಂಗಿಹೋಗಿರುತ್ತೆ ಎಂದು ಹೆಂಗಸರ ನಡುವಿನಿಂದ ಒಂದು ಮಾತು ತೂರಿಬಂದಿತ್ತು. ಆಡಿದವಳು ಸೆಂಗ, ಲುಬೋವಾನ ಸೋದರತ್ತೆ. ಮನೆಯ ಹೆಣ್ಣುಮಕ್ಕಳ ವಿಷಯದಲ್ಲಿ ಅವಳು ಹಾಕಿದ ಗೆರೆ ದಾಟುವವರಿರಲಿಲ್ಲ.

ಆ ಸೆಂಗಳೇ ನಿನ್ನೆ ರಾತ್ರಿ ಊಟದ ಹೊತ್ತಿಗೆ ತೀರ್ಮಾನ ಹೇಳಿದ್ದಳು. ಕೊನೆಯ ಕರ್ಮ ಡಿಸೆಂಬರಿನಲ್ಲಿ, ದೂರದ ನಂಟರೆಲ್ಲ ಸೇರಿದಾಗ. ಅಲ್ಲಿಯವರೆಗೆ ಹೆಂಡತಿಯಾದವಳು ಈ ಅಂಗಳ ದಾಟುವುದಿಲ್ಲ. ಬರುವ ಸೋಮವಾರ ಕೊನೆಯ ವರ್ಷದ ಪರೀಕ್ಷೆ ಶುರುವಾಗುತ್ತದೆ ಎಂದು ನಾಂತುಮೆ ಮೆಲ್ಲಗೆ ಹೇಳಿದ್ದಕ್ಕೆ, ಪುಸ್ತಕಗಳಿಗೆ ಕಾಲಿದೆಯೇ, ಎಲ್ಲಿಗೂ ಓಡಿಹೋಗುವುದಿಲ್ಲ ಎಂದಿದ್ದಳು. ಈ ಪರೀಕ್ಷೆ ತಪ್ಪಿದರೆ ಇಡೀ ವರ್ಷ ಮತ್ತೆ ಓದಬೇಕು. ಶುಲ್ಕ ಕಟ್ಟಲು ಲುಬೋವಾ ಇಲ್ಲದೆ ಆ ಇನ್ನೊಂದು ವರ್ಷ ಬರುವುದಿಲ್ಲವೆಂದು ನಾಂತುಮೆಗೆ ಗೊತ್ತಿತ್ತು. ಆದರೆ ವಾದ ಮಾಡಲು ಬಾಯಿ ತನ್ನದಾಗಿರಬೇಕಲ್ಲ.

ಅವಳ ತವರಿನಲ್ಲಾಗಲಿ ಈ ಮನೆಯಲ್ಲಾಗಲಿ ಏಳನೆಯ ತರಗತಿ ದಾಟಿದವರಿರಲಿಲ್ಲ. ಅವಳು ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ ಲುಬೋವಾ ಕೆಲಸದ ಜಾಗದಲ್ಲಿ, ‘ನಾವೀಗ ಎರಡನೇ ವರ್ಷ’, ‘ನಾವೀಗ ಮೂರನೇ ವರ್ಷ’ ಎನ್ನುತ್ತಿದ್ದ. ಜೊತೆಯ ಬಡಗಿಗಳು ಅವನಿಗೆ ‘ಡಿಗ್ರಿ ಗಂಡ’ ಎಂದು ಹೆಸರಿಟ್ಟಿದ್ದರು. ಏಣಿಯ ಮೇಲಿದ್ದವನನ್ನು, ಮೊಳೆ ಇಂಗ್ಲಿಷಿನಲ್ಲಿ ಹೊಡಿಯಪ್ಪ ಎಂದು ರೇಗಿಸುತ್ತಿದ್ದರು. ಅವನು ನಕ್ಕು ಸುತ್ತಿಗೆ ಎತ್ತುತ್ತಿದ್ದ. ಲುಬೋವಾನ ತಾಯಿ, ಅವಳ ಅತ್ತೆಯಂತೂ, ಅವಳು ವಾರದ ಕೊನೆಗೆ ಬಂದಾಗಲೆಲ್ಲ ಬಾಳೆಕಾಯಿ ಬೇಯಿಸಿದ ಮಟೋಕೆಯ ಎಲೆ ಬಿಚ್ಚುತ್ತ, ಈ ವಾರ ಏನು ಓದಿದೆವು ಎಂದು ಕೇಳುವಳು. ಹೇಳಿದ್ದು ಅರ್ಥವಾಗದಿದ್ದರೂ ತಲೆಯಾಡಿಸಿ, ಮರುದಿನ ಚರ್ಚಿನಲ್ಲಿ ಪಕ್ಕದವಳಿಗೆ ಅದನ್ನೇ ತಿರುಚಿ ಹೇಳುವಳು. ಅವಳಿ ಮಕ್ಕಳನ್ನು ಹೆತ್ತವಳಾದ್ದರಿಂದ ಅತ್ತೆಯನ್ನು ಊರೆಲ್ಲ ಕರೆಯುವುದು ನಾಲೊಂಗೊ ಎಂದೇ. ಆ ಅವಳಿಗಳಲ್ಲಿ ಉಳಿದವನು ಲುಬೋವಾ ಒಬ್ಬನೇ ಆಗಿದ್ದ.

ಬಿಸಿಲೇರುವ ಹೊತ್ತಿಗೆ ನಾಲೊಂಗೊ ಉಪ್ಪು ತರಲು ಅಂಗಡಿಬೀದಿಗೆ ಹೋಗಿ ಬಂದಳು. ಪೊಟ್ಟಣ ಕೆಳಗಿಡುತ್ತ, ದರ್ಜಿ ಕಟೆಂಡೆಯ ಅವಸ್ಥೆ ನೋಡಲಾಗದು ಎಂದಳು. ಸೋಮವಾರಕ್ಕೆ ಕೊಡಬೇಕಾದ ಶಾಲೆಯ ಅಂಗಿಗಳಿಗೆ ನೀರು ಚಿಮುಕಿಸಿ, ಮಡಿಸಿ, ಕುರ್ಚಿಯ ಮೇಲಿಟ್ಟು, ಅದರ ಮೇಲೆ ತಾನೇ ಕೂತು ಹೊಲಿಯುತ್ತಿದ್ದಾನಂತೆ.

“ಯಾಕೆ, ಇಸ್ತ್ರಿ ಪೆಟ್ಟಿಗೆ ಇಲ್ವಾ ಅವನ ಹತ್ರ?” ಎಂದಳು ಸೆಂಗ.

ನಾಲೊಂಗೊ ಒಳಗೆ ಹೋಗಿ, ಮಂಚದ ಕೆಳಗಿದ್ದ ಕೆಂಡದ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿಕೊಂಡು ಬಂದು ಅಂಗಳದ ನಡುವೆ ಇಟ್ಟಳು.

“ಇದು ಕಟೆಂಡೆಯದೇ,” ಎಂದಳು.

ನಾಂತುಮೆ ನೋಡಿದಳು. ಮೂರು ವರ್ಷ ಪ್ರತಿ ಭಾನುವಾರ ಮಧ್ಯಾಹ್ನ ಲುಬೋವಾ ಅದರಲ್ಲಿ ಕೆಂಡ ತುಂಬಿ, ತಳಕ್ಕೆ ಬಾಳೆ ಎಲೆ ಉಜ್ಜಿ, ಅವಳು ಕಾಲೇಜಿಗೆ ತೊಡುವ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದ. ಅವಳು ಕೈ ಹಾಕಲು ಹೋದರೆ, ನೀನು ಓದು, ಇದು ಮರಗೆಲಸದ ಹಾಗೆ, ಗೆರೆ ನೆಟ್ಟಗಿರಬೇಕು ಎನ್ನುತ್ತಿದ್ದ. ಪೆಟ್ಟಿಗೆ ಸಂತೆಯಲ್ಲಿ ಕೊಂಡದ್ದು ಎಂದಿದ್ದ. ಉಳಿದ ದಿನ ಅದು ಎಲ್ಲಿರುತ್ತದೆಂದು ಅವಳು ಕೇಳಿರಲಿಲ್ಲ. ಉಳಿದ ದಿನ ಅವಳೇ ಇಲ್ಲಿರುತ್ತಿರಲಿಲ್ಲ. ಕಟೆಂಡೆ ಅಂಗಡಿ ತೆರೆಯದಿರುವುದು ಭಾನುವಾರ ಒಂದೇ ದಿನ. ಕಳೆದ ವಾರ ಎರವಲು ತಂದದ್ದನ್ನು ಸೋಮವಾರ ಸಂಜೆ ಮರಳಿಸಬೇಕೆಂದಿದ್ದವನು ಮರಳಿ ಬರಲಿಲ್ಲ.

ಸೆಂಗ ಬಾಯಿಗೆ ಕೈಯಿಟ್ಟುಕೊಂಡಳು. ನಮ್ಮ ಅಣ್ಣನ ಮಗ ಹೆಂಡತಿಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದನೇ ಎಂದು ಕೇಳಿದಳು. ನಾಲೊಂಗೊ ಹೌದೆಂದಳು. ಆಮೇಲೆ ಸೆಂಗ ಇನ್ನೊಂದು ಕೇಳಿದಳು: ಹೂಳುವ ಮುನ್ನ ಕುಲದ ಹಿರಿಯ, ಸತ್ತವನಿಂದ ಯಾರಿಗೆ ಏನು ಬರಬೇಕಿದ್ದರೂ ಈಗಲೇ ಹೇಳಿ ಎಂದು ಎಲ್ಲರೆದುರು ಕೂಗಿ ಕೇಳಿದಾಗ ಕಟೆಂಡೆ ಯಾಕೆ ಬಾಯಿ ಬಿಡಲಿಲ್ಲ?

“ಅವನನ್ನೇ ಕೇಳ್ಬೇಕು. ನನಗೆ ಗೊತ್ತಿರೋದು ಇಷ್ಟು, ಇನ್ನೊಬ್ಬರ ವಸ್ತು ಮನೇಲಿಟ್ಕೊಂಡು ನನ್ನ ಮಗ ಮಣ್ಣಲ್ಲಿ ನೆಮ್ಮದಿಯಾಗಿ ಮಲಗೋದಿಲ್ಲ. ಇವತ್ತೇ ವಾಪಸ್ ಹೋಗ್ಬೇಕು.”

“ಹೋಗ್ಲಿ. ಕೊಡು ಇಲ್ಲಿ, ನಾನೇ ಕೊಟ್ಟು ಬರ್ತೀನಿ.”

“ನೀನು ತಂದಿದ್ಯಾ ಸೆಂಗ? ಅವನು ತಂದಿದ್ದು ಇವಳ ಬಟ್ಟೆಗೆ. ಇವಳೇ ಕೊಡ್ಬೇಕು.”

ಕಟೆಂಡೆಯ ಅಂಗಡಿ ಇರುವುದು ಕಂಪಾಲಕ್ಕೆ ಹೋಗುವ ಟ್ಯಾಕ್ಸಿಗಳು ನಿಲ್ಲುವ ಜಾಗದಲ್ಲಿ. ಅದು ಮೂವರಿಗೂ ಗೊತ್ತಿತ್ತು. ಸೆಂಗ ನಾಲೊಂಗೊಳ ಕಡೆ ತಿರುಗಿದಳು.

“ಕೊಟ್ಟು ಬರೋಕೆ ಎಷ್ಟು ಹೊತ್ತು ಬೇಕಂತೆ ಇವಳಿಗೆ?”

“ಪರೀಕ್ಷೆ ಮುಗಿಯೋವರೆಗೂ ಬೇಕಾಗ್ಬೋದು.”

ಸೆಂಗಳ ತುಟಿಯ ಅಂಚಿನಲ್ಲಿ ಏನೋ ಅಲುಗಿತು. ನಗುವೆನ್ನುವಂತಿರಲಿಲ್ಲ. ಅವಳು ಎದ್ದು ಬಂದು ನಾಂತುಮೆಯ ಸೊಂಟದ ಪಟ್ಟಿಯನ್ನು ಬಿಚ್ಚಿ, ಹೊರಗೆ ಕಾಣದಂತೆ ಲಂಗದ ಒಳಗೆ ಮತ್ತೆ ಕಟ್ಟಿದಳು. ಗಂಟು ಬಿಗಿಯುತ್ತ, ಇದು ಡಿಸೆಂಬರಿನವರೆಗೆ ಇಳಿಯಕೂಡದು, ಪರೀಕ್ಷೆಯಲ್ಲೂ ಇರಲಿ ಎಂದಳು. ಅಷ್ಟು ಹೇಳಿ ತೋಟದ ಕಡೆ ನಡೆದುಬಿಟ್ಟಳು.

ನಾಂತುಮೆ ಕಾಲೇಜಿನ ಚೀಲ ತೆರೆದಳು. ಮೇಲೆಯೇ ಒಂದು ಅಂಗಿ, ಕಳೆದ ಭಾನುವಾರ ಅವನು ಮಡಿಸಿಕೊಟ್ಟದ್ದು, ಹಾಗೇ ಇತ್ತು. ಅದನ್ನು ಮುಟ್ಟದೆ ಅಡಿಯಿಂದ ಇನ್ನೊಂದನ್ನು ಎಳೆದಳು. ಸುಕ್ಕಾಗಿತ್ತು. ನಾಲೊಂಗೊ ಆಗಲೇ ಒಲೆಯಿಂದ ಕೆಂಡ ಎತ್ತಿ ಪೆಟ್ಟಿಗೆಗೆ ಹಾಕಿ ಊದುತ್ತಿದ್ದಳು. ಹೊಗೆಗೋ ಏನೋ, ಅವಳ ಕಣ್ಣು ಸುರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

ನಾಂತುಮೆಗೆ ಇಸ್ತ್ರಿ ಹಾಕಿ ಅಭ್ಯಾಸವಿರಲಿಲ್ಲ. ಬಾಳೆ ಎಲೆ ಉಜ್ಜಿದಳು, ತಳ ಚುರ್ರೆಂದಿತು. ಕೊರಳಪಟ್ಟಿ ಸರಿಯಾಯಿತು. ತೋಳಿಗೆ ಬಂದಾಗ ಒಂದರ ಪಕ್ಕ ಒಂದು, ಎರಡು ಗೆರೆ ಬಿದ್ದವು. ಮತ್ತೆ ಒತ್ತಿದರೆ ಮೂರಾದವು. ಅವಳು ಪೆಟ್ಟಿಗೆಯನ್ನು ಕಲ್ಲಿನ ಮೇಲೆ ಇಟ್ಟು, ಆ ತೋಳನ್ನು ಮುಖಕ್ಕೆ ಒತ್ತಿಕೊಂಡಳು. ಬಿಸಿಯಾಗಿತ್ತು. ಭುಜಗಳು ಅಲುಗತೊಡಗಿದವು. ನಾಲೊಂಗೊ ಹತ್ತಿರ ಬಂದು ಅವಳ ತಲೆಯನ್ನು ತನ್ನ ಹೊಟ್ಟೆಗೆ ಒರಗಿಸಿಕೊಂಡಳು. ಸುತ್ತ ಗುದ್ದಲಿಗಳು ಬೀಳುತ್ತಲೇ ಇದ್ದವು.

“ಹಾಕ್ಕೋ ಅದನ್ನೇ,” ಎಂದಳು ನಾಲೊಂಗೊ, ಅಳು ಇಳಿದ ಮೇಲೆ. “ಅಲ್ಲಿ ತೋಳು ನೋಡಿ ಯಾರೂ ನಂಬರ್ ಕೊಡಲ್ಲ ತಾನೇ.”

ಕಟೆಂಡೆ ಜಗಲಿಯಲ್ಲಿ ಕುರ್ಚಿಯ ಮೇಲೆ ಎತ್ತರವಾಗಿ ಕೂತಿದ್ದ. ಅವಳನ್ನು ಕಂಡು ಗಡಿಬಿಡಿಯಿಂದ ಇಳಿದ. ಕೆಳಗೆ ಚಪ್ಪಟೆಯಾದ ಅಂಗಿಗಳ ಅಟ್ಟಿ ಕಾಣಿಸಿತು. ನಾಂತುಮೆ ಹೆಗಲಿನಿಂದ ಕಾಲೇಜಿನ ಚೀಲ ಇಳಿಸಿ, ಮೊಣಕಾಲೂರಿ ನಮಸ್ಕರಿಸಿ, ಚಿಂದಿಯಲ್ಲಿ ಹಿಡಿಕೆ ಸುತ್ತಿ ತಂದಿದ್ದ ಪೆಟ್ಟಿಗೆಯನ್ನು ಜಗಲಿಯ ಮೇಲಿಟ್ಟಳು. ಅಂದು ಹಿರಿಯ ಎಲ್ಲರೆದುರು ಕೇಳಿದಾಗ ಸುಮ್ಮನಿದ್ದದ್ದೇಕೆ ಎಂದು ಕೇಳಿದಳು.

ಅವನು ಕೊರಳಿನ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

“ಬಡಗಿಗಳೆಲ್ಲ ನಿಂತಿದ್ರಲ್ಲಮ್ಮ. ನಾನು ಇಸ್ತ್ರಿ ಪೆಟ್ಟಿಗೆ ಅಂದಿದ್ರೆ, ಬಡಗಿಗೆ ಅದ್ಯಾಕೆ ಅಂತ ಕೇಳೋರು. ಆಮೇಲೆ ನಗೋರು. ಅವನು ಹೋದ ದಿನ ಅವನನ್ನ ನೋಡಿ ನಗೋದು ನಂಗೆ ಬೇಕಿರಲಿಲ್ಲ.”

“ನಕ್ಕಿದ್ರೂ ಅವರು ಬೇಜಾರು ಮಾಡ್ಕೊಳ್ತಿರಲಿಲ್ಲ,” ಎಂದಳು ನಾಂತುಮೆ.

ಕಟೆಂಡೆ ಹೌದೆನ್ನುವಂತೆ ತಲೆಯಾಡಿಸಿದ. ಪೆಟ್ಟಿಗೆಯ ಮುಚ್ಚಳ ಎತ್ತಿದ. ಅವಸರದಲ್ಲಿ ಅವಳು ಕೆಂಡ ಸುರಿಯುವುದನ್ನೇ ಮರೆತು ಹೊತ್ತು ತಂದಿದ್ದಳು. ಬೂದಿಯನ್ನು ಉಫ್ ಎಂದು ಊದಿದ. ಅಡಿಯಲ್ಲಿ ಇನ್ನೂ ಕೆಂಪಿತ್ತು. ಅಟ್ಟಿಯಿಂದ ಒಂದು ಪುಟ್ಟ ಅಂಗಿ ಎಳೆದು ಹಲಗೆಯ ಮೇಲೆ ಹಾಸಿ, ಇದಕ್ಕೆ ಸಾಕು ಎಂದು ಪೆಟ್ಟಿಗೆಯನ್ನು ಕೈಗೆತ್ತಿಕೊಂಡ.