ಟ್ಯಾಮರಾಕಿಗೆ ಟೀಚರ್ ಕೊಟ್ಟ ಅಂಕ

ಥಂಡರ್ ಬೇ ಊರಿನಲ್ಲಿ ನಲವತ್ತು ದಾಟಿದ ಯಾರ ಮುಂದೆಯಾದರೂ ಇರ್ಯಾ ಸಾಲ್ಮೆಲಾ ಹೆಸರು ಹೇಳಿ ನೋಡಿ, ಅವರ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಹೈಸ್ಕೂಲಿನಲ್ಲಿ ಫ್ರೆಂಚ್ ಕಲಿಸುತ್ತಿದ್ದ ಟೀಚರ್ ಅವಳು. ಹೊಡೆದವಳಲ್ಲ, ಬೈದವಳೂ ಅಲ್ಲ. ಆದರೆ ಅವಳ ಕೆಂಪು ಪೆನ್ನು ಹರಿದಾಡಿದ ಹಾಳೆಯನ್ನು ಮನೆಗೆ ಒಯ್ಯುವುದಕ್ಕಿಂತ ಸುಪೀರಿಯರ್ ಸರೋವರಕ್ಕೆ ಹಾರುವುದೇ ವಾಸಿ ಎಂದು ಮಕ್ಕಳು ಆಡಿಕೊಳ್ಳುತ್ತಿದ್ದರು.

ನಿವೃತ್ತಿಯಾದ ಮೇಲೆ ತಿದ್ದಲು ಏನೂ ಇಲ್ಲದೆ ಅವಳ ಕೈ ಕಡಿಯತೊಡಗಿತು. ಗಂಡ ವೆಯ್ಕೊನನ್ನು ತಿದ್ದುವ ಆಸೆ ಅವಳು ಯಾವತ್ತೋ ಬಿಟ್ಟಿದ್ದಳು. ಅಷ್ಟರಲ್ಲಿ ಅಂಗಡಿಯವನೊಬ್ಬ ಅವಳ ಲ್ಯಾಪ್‌ಟಾಪನ್ನು ತಿರುಗಿಸಿ ಮುರುಗಿಸಿ ನೋಡಿ, ಇದಕ್ಕೆ ವಯಸ್ಸಾಯಿತು, ತಂತ್ರಾಂಶದ ಹೊಸ ಆವೃತ್ತಿ ಇದರಲ್ಲಿ ಓಡುವುದಿಲ್ಲ, ಎಸೆದುಬಿಡಿ ಎಂದ. ವಯಸ್ಸಾಯಿತು ಎಂಬ ಮಾತು ಇರ್ಯಾಳಿಗೆ ನಾಟಿತು. ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇರುಕಿಕೊಂಡು ಸೀದಾ ಗ್ರಂಥಾಲಯದ ನೆಲಮಾಳಿಗೆಗೆ ಹೋದಳು. ಅಲ್ಲಿ ತಿಂಗಳಿಗೊಂದು ಶನಿವಾರ ಲಿನಕ್ಸ್ ಎಂಬ, ಕಂಪ್ಯೂಟರ್ ನಡೆಸುವ ಪುಕ್ಕಟೆ ತಂತ್ರಾಂಶ ಬಳಸುವವರು ಸೇರುತ್ತಿದ್ದರು. ಗುಂಪನ್ನು ನಡೆಸುವ ಡಾರ್ಸಿ ಬುಶೇ ಒಂದು ಕಾಲದಲ್ಲಿ ಅವಳ ಕೈಯಲ್ಲಿ ಫ್ರೆಂಚಿನಲ್ಲಿ ಫೇಲಾಗಿದ್ದವನು. ಗುರುವನ್ನು ಕಂಡು ಎದ್ದು ನಿಂತವನು, ಒಂದು ಕಾಫಿ ಮುಗಿಯುವುದರೊಳಗೆ ಲ್ಯಾಪ್‌ಟಾಪಿಗೆ ಟ್ಯಾಮರಾಕ್ ಹಾಕಿಕೊಟ್ಟ. ಯಾರೂ ಮಾರದ, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ, ಪ್ರತಿ ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಹೊಸದಾಗಿ ಬರುವ ಲಿನಕ್ಸ್ ಅದು. ಸತ್ತಿದ್ದ ಯಂತ್ರ ಎದ್ದು ಕೂತಿತು.

ಅಲ್ಲಿಂದ ಇರ್ಯಾಳ ಎರಡನೆಯ ನೌಕರಿ ಶುರುವಾಯಿತು. ಹೊಸ ಆವೃತ್ತಿ ಬಂದ ದಿನ ಏಲಕ್ಕಿ ಹಾಕಿದ ಪುಲ್ಲಾ ರೊಟ್ಟಿ ಸುಡುವಳು, ಒಂದು ಹೂಜಿ ಕಾಫಿ ಇಳಿಸುವಳು, ಅಡಿಗೆಮನೆಯ ಮೇಜಿನ ಮೇಲೆ ಅದನ್ನು ಹಾಕಿ ವಾರವೆಲ್ಲ ಬಳಸುವಳು. ಆಮೇಲೆ ಪ್ರಗತಿಪತ್ರ ಬರೆಯುವಳು. ‘ಬೆಳಿಗ್ಗೆ ಬೇಗ ಏಳುತ್ತಾನೆ. ಬಟ್ಟೆ ಅಚ್ಚುಕಟ್ಟು. ಪ್ರಿಂಟರಿನ ಜೊತೆ ಮಾತು ಬಿಟ್ಟಿದ್ದಾನೆ, ಪೋಷಕರು ಗಮನಿಸಬೇಕು.’ ಕೊನೆಗೆ ನೂರಕ್ಕೆ ಇಷ್ಟು ಎಂದು ಅಂಕ. ಡಾರ್ಸಿ ಅದನ್ನು ಗುಂಪಿನ ಜಾಲತಾಣಕ್ಕೆ ಏರಿಸುತ್ತಿದ್ದ. ಬರಬರುತ್ತ ಎಲ್ಲೆಲ್ಲಿಯವರೋ ಓದತೊಡಗಿದರು. ಪೋಲೆಂಡಿನಿಂದ ಒಬ್ಬರು, ಚಿಲಿಯಿಂದ ಒಬ್ಬರು, ಟೀಚರ್ ಈ ಸಲ ಎಷ್ಟು ಕೊಟ್ಟರು ಎಂದು ಕೇಳಿ ಬರೆಯುತ್ತಿದ್ದರು.

ಇದರಿಂದ ತೊಂದರೆಗೆ ಸಿಕ್ಕವನು ವೆಯ್ಕೊ ಒಬ್ಬನೇ. ಬಂದರಿನಲ್ಲಿ ಧಾನ್ಯ ತುಂಬುವ ಕೆಲಸ ಮಾಡಿ ನಿವೃತ್ತನಾದ ಅವನಿಗೆ ಕಂಪ್ಯೂಟರ್ ಬೇಕಿದ್ದುದು ಎರಡಕ್ಕೆ: ಮೀನು ಹಿಡಿಯಲು ಹೋಗುವ ಕೆರೆಗಳ ಮಂಜುಗಡ್ಡೆ ಎಷ್ಟು ದಪ್ಪವಿದೆ ಎಂದು ನೋಡುವುದು, ತಾನು ಹಿಡಿದ ಮೀನಿನ ಪಟ ಇಟ್ಟುಕೊಳ್ಳುವುದು. ವರ್ಷಕ್ಕೆ ಎರಡು ಸಲ ಅವನ ಯಂತ್ರಕ್ಕೂ ಹೊಸ ಆವೃತ್ತಿ ಹಾಕದೆ ಅವಳು ಬಿಡುತ್ತಿರಲಿಲ್ಲ.

‘ನಿನ್ನೆ ಇಲ್ಲಿದ್ದದ್ದು ಇವತ್ತು ಅಲ್ಲಿಗೆ ಹೋಗಿದೆ,’ ಎಂದು ಅವನು ಗೊಣಗುವನು. ‘ನನ್ನ ಕಂಪ್ಯೂಟರಲ್ಲಿ ನಾನೇ ನೆಂಟ ಆಗ್ಬಿಟ್ಟಿದೀನಿ ಕಣೆ.’

‘ನೆಂಟ ಬಾಯ್ಮುಚ್ಕೊಂಡು ಕಾಫಿ ಕುಡೀಲಿ,’ ಎನ್ನುವಳು ಇರ್ಯಾ.

ಹೋದ ವರ್ಷದ ಅಕ್ಟೋಬರಿನ ಆವೃತ್ತಿಯಲ್ಲಿ ಮಾತ್ರ ನಗೆ ನಿಂತುಹೋಯಿತು. ಫೈಲುಗಳನ್ನು ತೋರಿಸುವ ಕಿಟಕಿಯನ್ನು ಹೊಸದಾಗಿ ಬರೆದಿದ್ದರು. ಅದಾದ ಕೆಲವೇ ದಿನಗಳಲ್ಲಿ ವೆಯ್ಕೊನ ಮೀನಿನ ಪಟಗಳ ಫೋಲ್ಡರ್ ಮಾಯ. ಎಷ್ಟೋ ಚಳಿಗಾಲಗಳ ಪಟಗಳು, ತೀರಿಹೋದ ತಮ್ಮ ಎಸ್ಕೋ ಜೊತೆ ನಿಂತು ಒಂದೇ ಟ್ರೌಟ್ ಮೀನನ್ನು ಇಬ್ಬರೂ ಎತ್ತಿ ಹಿಡಿದಿದ್ದ ಪಟವೂ ಅದರಲ್ಲೇ ಇತ್ತು. ಕಂಪ್ಯೂಟರಿನ ಕಸದ ಬುಟ್ಟಿಯಲ್ಲಿ ನೋಡಿದರೆ ಬರಿದು. ಬುಟ್ಟಿ ಕಂಡ ಕೂಡಲೇ ಖಾಲಿ ಮಾಡುವುದು ವೆಯ್ಕೊನ ಅಭ್ಯಾಸ. ಅವನು ಜಗಳ ಮಾಡಲಿಲ್ಲ. ಹೋಗಲಿ ಬಿಡು ಎಂದು ಹಿತ್ತಲಿನ ಬಿಸಿ ಹಬೆಯ ಕೋಣೆ, ಸೌನಾಕ್ಕೆ ಸೌದೆ ಒಡೆಯಲು ಹೋದ. ಆ ‘ಹೋಗಲಿ ಬಿಡು’ ಇರ್ಯಾಳ ಹೊಟ್ಟೆಗೆ ಬೆಂಕಿ ಹಾಕಿತು. ಅಳಿಸುವ ಮುಂಚೆ ಒಂದು ಮಾತು ಕೇಳದ ಕಿಟಕಿ, ಮುದುಕನ ನೆನಪು ನುಂಗಿದ ಕಿಟಕಿ ಎಂದು ಬರೆದು ನಲವತ್ತೊಂಬತ್ತು ಅಂಕ ಕೊಟ್ಟಳು. ಐವತ್ತಕ್ಕೆ ಪಾಸು. ಇಪ್ಪತ್ತು ಕೊಟ್ಟಿದ್ದರೆ ಅಷ್ಟು ಉರಿಯುತ್ತಿರಲಿಲ್ಲ, ಒಂದೇ ಅಂಕದಲ್ಲಿ ಕೆಡವುವುದು ಅವಳ ಹಳೆಯ ಪಟ್ಟು.

ಈ ಏಪ್ರಿಲಿನಲ್ಲಿ ಹೊಸ ಆವೃತ್ತಿ ಬಂತು. ಇರ್ಯಾ ಕೆಂಪು ಪೆನ್ನು ಮಸೆದುಕೊಂಡೇ ಕೂತಳು. ಆದರೆ ಇದು ಬೇರೆಯೇ ಹುಡುಗನಾಗಿತ್ತು. ಯಂತ್ರ ಕಣ್ಣು ಬಿಡುವುದು ಬೇಗ. ಅಕ್ಷರಗಳು ಕನ್ನಡಕ ಬದಲಾಯಿಸಿದಷ್ಟು ನಿಚ್ಚಳ. ಪ್ರಿಂಟರಿನ ಜೊತೆ ರಾಜಿಯಾಗಿತ್ತು. ಮುಖ್ಯವಾಗಿ ಆ ಕಿಟಕಿಯಲ್ಲಿ ಏನನ್ನು ಅಳಿಸಿದರೂ ಕೆಳಗೆ ಒಂದು ಪಟ್ಟಿ ಬಂದು, ಇಂಥದ್ದನ್ನು ಅಳಿಸಿದ್ದೀರಿ, ವಾಪಸು ಬೇಕೇ ಎಂದು ಕೇಳುತ್ತಿತ್ತು. ಉತ್ತರ ಕೊಡುವ ತನಕ ಅಲ್ಲಿಂದ ಕದಲುತ್ತಿರಲಿಲ್ಲ. ತನ್ನ ಮಾತು ಯಾರೋ ಕೇಳಿಸಿಕೊಂಡಿದ್ದಾರೆ ಎಂದು ಅವಳಿಗೆ ಒಳಗೊಳಗೇ ಹಿಗ್ಗಾಯಿತು. ಎಂಬತ್ತೆಂಟು ಕೊಟ್ಟಳು. ಅಷ್ಟು ಅಂಕವನ್ನು ಅವಳ ಕೈಯಿಂದ ಪಡೆದವರು ಊರಿನಲ್ಲೇ ಕಡಿಮೆ.

ಶನಿವಾರ ನೆಲಮಾಳಿಗೆಯಲ್ಲಿ ಪ್ರಗತಿಪತ್ರ ಓದಿದಳು. ಡಾರ್ಸಿ ತಂದಿದ್ದ ಪರ್ಷಿಯನ್ ಎಂಬ ಗುಲಾಬಿ ಸಕ್ಕರೆ ಮೆತ್ತಿದ ಸಿಹಿತಿಂಡಿ ಮೆಲ್ಲುತ್ತ ಎಲ್ಲರೂ ತಲೆದೂಗಿದರು. ಹಿಂದಿನ ಸಾಲಿನಲ್ಲಿ ಒಬ್ಬ ಹೊಸ ಹೆಂಗಸು ಕೂತಿದ್ದಳು. ನಲವತ್ತರ ಆಸುಪಾಸು, ಮೈಮೇಲೆ ಇನ್ನೂ ಚಳಿಯ ಕೋಟು. ಅವಳು ಕೈ ಎತ್ತಿದಳು.

‘ಆ ಫೈಲಿನ ಕಿಟಕಿಗೆ ನೀವು ಜಾಸ್ತಿ ಅಂಕ ಕೊಟ್ಬಿಟ್ರಿ, ಟೀಚರ್,’ ಎಂದಳು. ‘ಅದಕ್ಕೆ ಅಷ್ಟು ಯೋಗ್ಯತೆ ಇಲ್ಲ.’

ಟೀಚರ್ ಕಡಿಮೆ ಕೊಟ್ಟರು ಎಂದು ಅತ್ತವರುಂಟು, ಜಾಸ್ತಿ ಕೊಟ್ಟರು ಎಂದು ತಗಾದೆ ತೆಗೆದವರು ಯಾರೂ ಇರಲಿಲ್ಲ. ಡಾರ್ಸಿ ತಿನ್ನುವುದನ್ನು ನಿಲ್ಲಿಸಿದ. ಆ ಹೆಂಗಸು ಒಂದೊಂದಾಗಿ ಹೇಳುತ್ತ ಹೋದಳು. ಆ ಪಟ್ಟಿ ತೇಪೆ ಹಚ್ಚಿದ ಹಾಗಿದೆ. ರೋಗ ಯಾವುದು ಎಂದು ಗೊತ್ತಿಲ್ಲದೆ ಕೊಟ್ಟ ಮದ್ದು ಅದು. ಹುಡುಕುವ ಜಾಗವೂ ಸರಿಯಿಲ್ಲ, ಕಿಟಕಿಯ ಅಂಚು ದಪ್ಪವಾಯಿತು.

ಇರ್ಯಾಳಿಗೆ ಮೂಗಿನ ತುದಿ ಕೆಂಪಾಯಿತು. ಆರು ತಿಂಗಳ ಹಿಂದೆ ತಾನೇ ಕೆಡವಿದ್ದ ಕಿಟಕಿಯನ್ನು ಈಗ ಎದ್ದು ನಿಂತು ವಹಿಸಿಕೊಂಡಳು. ಅದನ್ನು ಬರೆದವರು ಜನರ ಮಾತಿಗೆ ಕಿವಿಗೊಟ್ಟಿದ್ದಾರೆ, ತಪ್ಪು ತಿದ್ದಿಕೊಂಡವರನ್ನು ಮತ್ತೆ ಹೊಡೆಯುವುದು ಯಾವ ನ್ಯಾಯ, ಕೂತಲ್ಲೇ ಕೂತು ಕೊಂಕು ತೆಗೆಯುವುದು ಸುಲಭ, ನಾಲ್ಕು ಸಾಲು ಬರೆದು ತೋರಿಸಿ ಎಂದಳು. ಮಾತು ಮುಗಿಯುವ ಹೊತ್ತಿಗೆ ತಾನು ಯಾರ ಪರ ವಕಾಲತ್ತು ಮಾಡುತ್ತಿದ್ದೇನೆ ಎಂದು ಅವಳಿಗೇ ಸೋಜಿಗವಾಯಿತು.

ಆ ಹೆಂಗಸು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಡಾರ್ಸಿ ಮೆಲ್ಲಗೆ, ತಮ್ಮ ಹೆಸರು ಗೊತ್ತಾಗಲಿಲ್ಲ ಎಂದು ಕೇಳಿದ.

‘ಅಡೆಲೈನ್ ಪೆನ್ನರ್. ಮ್ಯಾನಿಟೋಬದ ಸ್ಟೈನ್‌ಬಾಕ್‌ನವಳು, ಔಷಧಿ ಅಂಗಡಿಯಲ್ಲಿ ಕೆಲಸ. ಆ ಕಿಟಕಿ ಬರೆದಿದ್ದು ನಾನೇ.’

ಇರ್ಯಾ ನಿಧಾನಕ್ಕೆ ಕೂತಳು. ಇಷ್ಟು ದಿನ ಅವಳು ಬರೆದದ್ದೆಲ್ಲ ಯಾವುದೋ ದೊಡ್ಡ ಕಟ್ಟಡಕ್ಕೆ, ಅದರ ಉದ್ದನೆಯ ಮೇಜುಗಳಿಗೆ, ಮುಖವಿಲ್ಲದ ನೂರಾರು ಜನರಿಗೆ ಎಂಬ ಭಾವನೆಯಿಂದ. ದಿನವೆಲ್ಲ ಮಾತ್ರೆ ಎಣಿಸಿ ಮನೆಗೆ ಬಂದು ಊಟದ ಮೇಜಿನ ಮೇಲೆ ಕಿಟಕಿ ಬರೆಯುವ ಒಬ್ಬಳೇ ಹೆಂಗಸು ಅವಳ ಕಲ್ಪನೆಯಲ್ಲಿ ಬಂದಿರಲಿಲ್ಲ. ಆ ನಲವತ್ತೊಂಬತ್ತು ಹೋಗಿ ಬಿದ್ದದ್ದು ಇವಳ ಮೇಜಿನ ಮೇಲೆ.

ಅಡೆಲೈನ್ ಬೇಸರಪಟ್ಟು ಬಂದವಳಲ್ಲ. ಸಡ್ಬರಿಯಲ್ಲಿರುವ ಅಣ್ಣನ ಮನೆಗೆ ಹೊರಟಿದ್ದಳು, ದಾರಿಯಲ್ಲಿ ಬೇಕೆಂದೇ ಇಲ್ಲಿ ಇಳಿದಿದ್ದಳು. ಟೀಚರ್ ಬರೆದದ್ದನ್ನು ಓದಿದ ಮೇಲೆ ಆ ಪಟಗಳು ಹೇಗೆ ಹೋದವು ಎಂದು ಚಳಿಗಾಲವೆಲ್ಲ ತಲೆ ಕೆರೆದುಕೊಂಡಿದ್ದಳಂತೆ. ಬೇರೆ ಯಾರಿಗೂ ಹಾಗಾಗಿರಲಿಲ್ಲ. ತಪ್ಪು ಸಿಗದೆ, ಇರಲಿ ಎಂದು ಆ ಪಟ್ಟಿ ಹಾಕಿದ್ದಳು. ‘ಸಿಗದ ತಪ್ಪು ತಿದ್ದಿದ್ದೀನಿ ಅಂತ ಎಂಬತ್ತೆಂಟು ತಗೊಳ್ಳೋಕೆ ಮನಸ್ಸಾಗ್ಲಿಲ್ಲ. ನಿಮ್ಮ ಯಜಮಾನ್ರು ಹೇಗೆ ಬಳಸ್ತಾರೆ ಅಂತ ಒಂದ್ಸಲ ನೋಡ್ಬಹುದಾ?’

ಇರ್ಯಾ ಕೋಟು ಹಾಕಿಕೊಂಡಳು. ‘ಊಟದ ಹೊತ್ತಾಯ್ತು. ನಡಿ.’

ಮನೆಯಲ್ಲಿ ವೆಯ್ಕೊ ಪ್ಯಾನ್‌ಕೇಕಿನ ಹಿಟ್ಟು ಕಲಸುತ್ತಿದ್ದ. ನಿನ್ನ ಫೈಲಿನ ಕಿಟಕಿ ಮಾಡಿದವಳು ಇವಳೇ ಎಂದು ಹೆಂಡತಿ ಹೇಳಿದಾಗ, ಅವನು ಕೈಯೊರೆಸಿಕೊಂಡು ಅಡೆಲೈನಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

‘ಕಿಟಕಿ ಮಾಡೋರು ನೀವಾ? ಒಳ್ಳೇದಾಯ್ತು. ಬಚ್ಚಲ ಮನೇಲೂ ಒಂದು ಬಿರುಕು ಬಿಟ್ಟಿದೆ,’ ಎಂದ.

ಹೊಟ್ಟೆ ತುಂಬ ಊಟವಾದ ಮೇಲೆ ಮೂವರೂ ಅವನ ಕಂಪ್ಯೂಟರಿನ ಮುಂದೆ ಕೂತರು. ಏನೂ ಹೇಳಿಕೊಡಬೇಡಿ, ಸುಮ್ಮನೆ ಅವರು ಮಾಡಲಿ ಎಂದು ಅಡೆಲೈನ್ ಇರ್ಯಾಳಿಗೆ ಮೊದಲೇ ತಾಕೀತು ಮಾಡಿದ್ದಳು. ಸುಮ್ಮನಿರುವುದು ಟೀಚರಿಗೆ ಅಷ್ಟು ಸುಲಭದ ಕೆಲಸವಲ್ಲ, ತುಟಿ ಕಚ್ಚಿಕೊಂಡು ಕೂತಳು. ವೆಯ್ಕೊ ಫೈಲುಗಳನ್ನು ತೆರೆದ. ಒಂದೇ ಒಂದಕ್ಕೂ ಹೆಸರಿಲ್ಲ. ಹೊಸ ಫೋಲ್ಡರ್, ಹೊಸ ಫೋಲ್ಡರ್ ಎರಡು, ಹೊಸ ಫೋಲ್ಡರ್ ಮೂರು ಎಂದು ಒಂದು ಹಿಂಡೇ ನಿಂತಿತ್ತು. ಇದೇನು ಅವತಾರ ಎಂದು ಇರ್ಯಾ ಬಾಯಿ ತೆರೆದು, ಮತ್ತೆ ಮುಚ್ಚಿದಳು.

ವೆಯ್ಕೊನ ಬೆರಳುಗಳು ಒಂದು ಚಳಿಗಾಲ ಹಿಮ ಹೊಡೆದು ಮರಗಟ್ಟಿದ್ದವು. ಆಮೇಲೆ ತುದಿಗಳಲ್ಲಿ ಸ್ಪರ್ಶ ಪೂರ್ತಿ ಬಂದಿರಲಿಲ್ಲ. ಮೌಸಿನ ಗುಂಡಿ ಒತ್ತಿದ ಮೇಲೆ ಬಿಟ್ಟೆನೋ ಇಲ್ಲವೋ ಅವನಿಗೆ ತಿಳಿಯುತ್ತಿರಲಿಲ್ಲ. ಒತ್ತಿದ ಬೆರಳು ಹಾಗೇ ಇರುವಾಗ ಕೈ ಒಂದು ಚೂರು ಸರಿಯಿತು. ಮೂವರ ಕಣ್ಣೆದುರಿಗೇ ‘ಹೊಸ ಫೋಲ್ಡರ್ ಐದು’ ಸದ್ದಿಲ್ಲದೆ ಪಕ್ಕದ ‘ಹೊಸ ಫೋಲ್ಡರ್ ಆರ’ರ ಹೊಟ್ಟೆಯೊಳಗೆ ಹೋಗಿ ಕೂತಿತು. ಅಳಿಸಿದ್ದಲ್ಲವಾದ್ದರಿಂದ ಅಡೆಲೈನ್ ಹಾಕಿದ ಪಟ್ಟಿ ತುಟಿಪಿಟಕ್ಕೆನ್ನಲಿಲ್ಲ.

‘ನೋಡಿದ್ರಾ,’ ಎಂದ ವೆಯ್ಕೊ. ‘ಮತ್ತೆ ಒಂದನ್ನ ತಿಂತು.’

ಅಡೆಲೈನ್ ಕುರ್ಚಿಯಿಂದ ಮುಂದಕ್ಕೆ ಬಗ್ಗಿದಳು. ಇನ್ನೊಮ್ಮೆ ಮಾಡಿ ಎಂದಳು, ಅವನು ಮಾಡಿದ. ಆಮೇಲೆ ಅವನ ಅಪ್ಪಣೆ ಕೇಳಿ ಒಂದೊಂದೇ ಫೋಲ್ಡರಿನ ಹೊಟ್ಟೆ ಬಗೆಯತೊಡಗಿದಳು. ಒಂದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಸೌನಾದ ಹೊಗೆಕೊಳವೆಯ ಪಟಗಳಿದ್ದ ಫೋಲ್ಡರಿನ ಆಳದಲ್ಲಿ, ಹೆಸರಿಲ್ಲದ ಒಂದು ಮೂಲೆಯಲ್ಲಿ, ಪರದೆಯ ತುಂಬ ಮೀನು ತುಂಬಿಕೊಂಡಿತು.

ವೆಯ್ಕೊ ತಾನೇ ಮೌಸ್ ಹಿಡಿದು ಕೆಳಗೆ ಕೆಳಗೆ ಹೋದ. ಕೆಂಪು ಟೋಪಿಯ ಎಸ್ಕೋ ಮೀನಿನ ಬಾಲ ಹಿಡಿದು ನಗುತ್ತಿದ್ದ. ‘ತಲೆ ಕಡೆ ಹಿಡ್ಕೋ ಅಂದಿದ್ದೆ ಅವ್ನಿಗೆ, ಕೇಳ್ಲಿಲ್ಲ,’ ಎಂದ ವೆಯ್ಕೊ. ಇರ್ಯಾ ಅವನ ಭುಜದ ಮೇಲೆ ಕೈಯಿಟ್ಟಳು.

ಆಮೇಲೆ ಇರ್ಯಾ, ನಿನ್ನ ಕಿಟಕಿ ಪಟ ನುಂಗಿರಲಿಲ್ಲ, ನಾನು ಪೂರ್ತಿ ಹುಡುಕದೆ ಸಿಟ್ಟಿನಲ್ಲಿ ಫೇಲು ಮಾಡಿಬಿಟ್ಟೆ, ಆ ಅಂಕ ತಿದ್ದುತ್ತೇನೆ ಎಂದಳು. ಅಡೆಲೈನ್ ಒಪ್ಪಲಿಲ್ಲ. ವಸ್ತು ಜಾಗ ಬಿಟ್ಟು ಹೋಗುವಾಗ ಒಡೆಯನಿಗೆ ಒಂದು ಮಾತು ಹೇಳದಿದ್ದರೆ ಅದೂ ಕಿಟಕಿಯ ತಪ್ಪೇ ಎಂದು ವಾದಿಸಿದಳು. ಟೀಚರ್ ಅಂಕ ಏರಿಸುವುದು, ಅಡೆಲೈನ್ ಇಳಿಸುವುದು, ಹೀಗೆ ಇಬ್ಬರೂ ಮೀನುಪೇಟೆಯ ಚೌಕಾಸಿಯಂತೆ ಎಳೆದಾಡಿದರು. ವೆಯ್ಕೊ ನಡುವೆ ಬಾಯಿ ಹಾಕಿ, ಇಬ್ಬರೂ ಸುಮ್ಮನಾಗುವುದಾದರೆ ಮೀನಿಗೆ ನೂರಕ್ಕೆ ನೂರು ಕೊಡಿ, ಕಿಟಕಿಗೆ ಏನಾದರೂ ಕೊಟ್ಟುಕೊಳ್ಳಿ ಎಂದ.

ಹೊರಡುವಾಗ ಅಡೆಲೈನಳ ಕಾರಿನಲ್ಲಿ ಹೊಗೆಯಲ್ಲಿ ಬೇಯಿಸಿದ ಮೀನಿನ ಪೊಟ್ಟಣ, ಅರ್ಧ ಪುಲ್ಲಾ. ಜೊತೆಗೆ ವೆಯ್ಕೊನಿಂದ ಒಂದು ಮಾತು: ಯಾವ ಕಿಟಕಿ ಮಾಡಿದರೂ ಮೊದಲು ತನಗೆ ಕಳಿಸಬೇಕು, ತನ್ನ ಬೆರಳು ತಾಳಿಕೊಂಡ ಕಿಟಕಿಯನ್ನು ಜಗತ್ತಿನಲ್ಲಿ ಯಾರೂ ಕೆಡಿಸಲಾರರು.

ಅವಳು ಮಾತು ಉಳಿಸಿಕೊಂಡಳು. ಬೇಸಿಗೆಯೆಲ್ಲ ಕಚ್ಚಾ ಕಿಟಕಿಗಳು ಬರುತ್ತಿದ್ದವು. ವೆಯ್ಕೊ ಮರಗಟ್ಟಿದ ಬೆರಳಿನಿಂದ ಎಳೆದು ಜಗ್ಗಿ ನೋಡಿ, ತನಗೆ ತೋಚಿದ್ದನ್ನು ಹೇಳುವನು, ಇರ್ಯಾ ಅದನ್ನು ವ್ಯಾಕರಣ ತಿದ್ದಿ ಕಳಿಸುವಳು. ಅಕ್ಟೋಬರಿನ ಆವೃತ್ತಿಯಲ್ಲಿ ಫೋಲ್ಡರ್ ಜಾಗ ಬದಲಿಸುವ ಮುನ್ನ ಒಂದು ಕ್ಷಣ ತಡೆದು, ಹೋಗಲೇ ಎಂದು ಕೇಳತೊಡಗಿತು. ಜೊತೆಗೆ ಬಂದ ಟಿಪ್ಪಣಿಯಲ್ಲಿ, ಥಂಡರ್ ಬೇಯ ವೆಯ್ಕೊ ಸಾಲ್ಮೆಲಾ ಅವರ ಬೆರಳುಗಳಿಗೆ ಕೃತಜ್ಞತೆ ಎಂದು ಒಂದು ಸಾಲಿತ್ತು.

ಅವತ್ತು ಮಧ್ಯಾಹ್ನ ವೆಯ್ಕೊ ಮೀನಿನ ಗಾಳ ಮಾರುವ ಅಂಗಡಿಗೆ ಹೋದವನು ಬಹಳ ಹೊತ್ತು ಬರಲಿಲ್ಲ. ಇರ್ಯಾ ಹುಡುಕಿಕೊಂಡು ಹೋದರೆ, ಅವನು ಕೌಂಟರಿಗೆ ಒರಗಿ ನಿಂತು, ಕೈಬೆರಳು ಎಲ್ಲರಿಗೂ ಕಾಣುವಂತೆ ಚಾಚಿಕೊಂಡು, ಲಿನಕ್ಸ್ ತಯಾರಿಸುವುದು ಎಷ್ಟು ಕಷ್ಟ ಎಂದು ಅಲ್ಲಿದ್ದವರಿಗೆಲ್ಲ ವಿವರಿಸುತ್ತಿದ್ದ. ಒಂದೆರಡು ಕಡೆ ತಪ್ಪು ಹೇಳುತ್ತಿದ್ದ. ಅವಳು ತಿದ್ದಲಿಲ್ಲ, ಬಾಗಿಲ ಬಳಿ ನಿಂತು ಪೂರ್ತಿ ಕೇಳಿದಳು.