ಗುರಣ್ಣನ ಆಹೇರಿ

ಟಿಕೋಟಾದ ನಮ್ಮ ಹೈಸ್ಕೂಲಿನ ವಾರ್ಷಿಕೋತ್ಸವ, ಅಂದರೆ ಗ್ಯಾದರಿಂಗ್, ಬಂತೆಂದರೆ ಪ್ರತಿ ವರ್ಷ ಸಿನಿಮಾ ಹಾಡಿನ ಕುಣಿತವೇ. ಈ ಸಲ ಬೇಡ, ಹತ್ತನೆಯ ತರಗತಿಗೆ ನಾನು ಪಾಠ ಮಾಡುವ ಹಳೆಯ ನಾಟಕವನ್ನೇ ಆಡಿಸುತ್ತೇನೆಂದು ಹಟ ಹಿಡಿದವಳು ನಾನು. ತುಂಬಿದ ಸಭೆಯಲ್ಲಿ ರಾಜ, ತಾನು ಕೈಹಿಡಿದ ಹೆಂಡತಿಯನ್ನೇ ಯಾರು ನೀನೆಂದು ಕೇಳುವ ನಾಟಕ. ಆ ರಾಣಿಯ ಮಾತನ್ನು ನನ್ನ ವಿದ್ಯಾರ್ಥಿನಿ ಸೈಮಾ ತರಗತಿಯಲ್ಲಿ ಓದಿದ ದಿನ ಹಿಂದಿನ ಬೆಂಚಿನ ಕಪಿಗಳೂ ತೆಪ್ಪಗಾದವು. ಅವಳನ್ನು ಬಿಟ್ಟು ಬೇರೆ ರಾಣಿ ನನಗೆ ಬೇಡವಾಗಿತ್ತು.

ಅವಳ ಅಪ್ಪ ಲಾಡಲೇಸಾಬ ವಿಜಯಪುರದ ಸೊಲ್ಲಾಪುರ ರಸ್ತೆಯ ಗ್ಯಾರೇಜೊಂದರಲ್ಲಿ ಮಿಸ್ತ್ರಿ. ಅವರನ್ನು ಒಪ್ಪಿಸಲು ಮನೆಗೆ ತಿರುಗಿ ತಿರುಗಿ ನನ್ನ ಚಪ್ಪಲಿ ಸವೆದವು. ಕೊನೆಗೆ ಒಂದು ಷರತ್ತಿನ ಮೇಲೆ ಹೂಂ ಎಂದರು: ವೇದಿಕೆಯ ಮೇಲೆ ಯಾವ ಗಂಡಸೂ ಮಗಳ ಹತ್ತಿರ ಸುಳಿಯಬಾರದು. ಮಾತು ಕೊಟ್ಟೆ. ರಾಜನ ಪಾತ್ರಕ್ಕೂ ಅವಳ ತರಗತಿಯ ಹುಡುಗಿ ಪ್ರಾಚಿಗೇ ಮೀಸೆ ಅಂಟಿಸಿದೆ. ತಾಲೀಮಿನಲ್ಲಿ ಸೈಮಾಗೆ ದಿನಾ ಒಂದೇ ಮಾತು ಹೇಳುತ್ತಿದ್ದೆ, ಇಲ್ಲಿ ರಾಣಿ ಅಳುವುದಿಲ್ಲ, ನೆಟ್ಟಗೆ ನಿಂತು ಕೇಳುತ್ತಾಳೆ. ಅವಳು ಒಮ್ಮೆಯೂ ಅಳಲಿಲ್ಲ.

ಶಾಲಾ ಸಮಿತಿಯ ಅಧ್ಯಕ್ಷ ಗುರಣ್ಣನಿಗೆ ನಾಟಕದ ಹುಚ್ಚು. ನಮ್ಮ ಕಡೆ ಊರ ನಾಟಕಗಳಲ್ಲಿ ಹೆಣ್ಣು ಪಾತ್ರಕ್ಕೆ ಹೊರಗಿನಿಂದ ನಟಿಯರನ್ನು ಕರೆಸುತ್ತಾರೆ. ಪಾರ್ಟು ಮನಸ್ಸಿಗೆ ಬಂದರೆ ಆಟ ಅಲ್ಲೇ ನಿಲ್ಲಿಸಿ, ಮೇಲೇರಿ ನಟಿಗೆ ಸೀರೆ ಹೊದಿಸಿ, ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗಿಸುತ್ತಾರೆ. ಅದಕ್ಕೆ ಆಹೇರಿ ಎನ್ನುತ್ತಾರೆ. ಕಲೆಗೆ ಕೊಡುವ ಮರ್ಯಾದೆ ಎಂದರೆ ಗುರಣ್ಣನಿಗೆ ಗೊತ್ತಿದ್ದದ್ದು ಅದೊಂದೇ.

ಗ್ಯಾದರಿಂಗಿನ ದಿನ ಸೈಮಾ ನಾಟಕದ ಸಭೆಯ ನಡುವೆ ನಿಂತು ರಾಜನನ್ನು ಕೇಳುತ್ತಿದ್ದಳು. ಅಷ್ಟರಲ್ಲಿ ಗುರಣ್ಣ ಸೀರೆ ಹಿಡಿದು ಮೇಲೆ ಬಂದರು. ನಾನು ಓಡಿಹೋಗಿ ಅವರ ತೋಳನ್ನೇ ಹಿಡಿದೆ. ಕೊಡವಿಕೊಂಡರು. ಪರದೆ ಇಳಿಸ್ರಿ ಎಂದು ಹಗ್ಗದ ಹತ್ತಿರ ನಿಂತಿದ್ದ ಹೆಡ್‌ಮಾಸ್ತರ ಸುಶೀಲೇಂದ್ರರಿಗೆ ಕೂಗಿದರೆ, ಆ ಮಹಾನುಭಾವ ಹಗ್ಗ ಬಿಟ್ಟು ಚಪ್ಪಾಳೆ ತಟ್ಟುತ್ತಿದ್ದರು. ಗುರಣ್ಣ ಹುಡುಗಿಯ ಹೆಗಲಿಗೆ ಸೀರೆ ಹೊದಿಸಿ, ನಮ್ಮೂರ ನಟಿಮಣಿಗೆ ಎಂದು ಮೈಕಿನಲ್ಲಿ ಸಾರಿದರು. ಹಿಂದಿನಿಂದ ಸಿಳ್ಳೆ ಬಿದ್ದವು. ಸೈಮಾ ಮುಂದಿನ ಸಾಲಿನಲ್ಲಿ ಕೂತಿದ್ದ ಅಪ್ಪನನ್ನು ನೋಡಿದಳು, ನಿಂತಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಜನ ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು.

ಲಾಡಲೇಸಾಬ ಜಗಳ ತೆಗೆಯಲಿಲ್ಲ. ಮಗಳ ಕೈ ಹಿಡಿದು ಹೊರಟವರು ನನ್ನೆದುರು ನಿಂತರು.

“ನಿಮ್ಮ ಮಾತಿನ ಮ್ಯಾಲ ಕಳಿಸಿದ್ದೆ ಅಕ್ಕಾರ,” ಎಂದರು.

ಸೈಮಾ ಮತ್ತೆ ಶಾಲೆಗೆ ಬರಲಿಲ್ಲ. ಬಬಲೇಶ್ವರದ ಅಜ್ಜಿಯ ಮನೆಗೆ ಕಳಿಸಿದ್ದಾರೆ, ಪರೀಕ್ಷೆಗೂ ಕೂರಿಸುವುದಿಲ್ಲವಂತೆ. ಅಲ್ಲಿಗೂ ಹೋದೆ. ಅಜ್ಜಿ ಚಹಾ ಕೊಟ್ಟರು, ಹುಡುಗಿಯನ್ನು ಕರೆಯಲಿಲ್ಲ.

ನಿನ್ನೆ ಗುರಣ್ಣ ಸ್ಟಾಫ್ ರೂಮಿಗೆ ಬಂದರು. ತಪ್ಪಾಯಿತು ಎನ್ನಲು ಬಂದರೆಂದುಕೊಂಡ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕಬೇಕು. ಬರುವ ವರ್ಷ ಇದಕ್ಕಿಂತ ದೊಡ್ಡ ನಾಟಕ ಆಗಬೇಕಂತೆ.

“ಆ ಹುಡುಗಿ ಏನ ಅತ್ತಾಳ್ರಿ ಅಕ್ಕಾರ. ನಾಟಕ ಕಂಪನಿ ನಟಿ ಸುದ್ದಾ ಹಂಗ ಅಳೂದಿಲ್ಲ. ಅದನ್ನ ಹೆಂಗ ಕಲಿಸಿದ್ರಿ?”

“ನಾ ಕಲಿಸಿಲ್ರಿ,” ಎಂದೆ. “ಅದನ್ನ ಕಲಿಸಿದವರು ನೀವು.”

ಗುರಣ್ಣ ಅದನ್ನೂ ಹೊಗಳಿಕೆ ಎಂದುಕೊಂಡು ನಾಚಿ ನಕ್ಕರು.