ಕೆಳಕೇರಿಯ ಸೊನ್ನೆ

"ಲೇ ಹೆಣ ತೊಳ್ಯೋ ನನ್ಮಗನೆ, ಇನ್ನೂ ಎಷ್ಟೊತ್ಲಾ ಉಜ್ತೀಯ? ಅವ್ನಿಗೇನು ಮದ್ವೆ ಮಾಡ್ಸಕ್ಕೊಂಟಿದ್ದೀಯಾ?"

ಬಾಗಿಲಾಚೆ ನಿಂತು ಕೂಗಿದವನು ಊರಿನ ಜಮೀನ್ದಾರ ಹಾಜಿ ಕುದ್ರತ್‌ನ ಮೇಸ್ತ್ರಿ ಶಹ್ಮಾರ್. ಹೆಣ ತೊಳೆಯುವ ಮನೆಯೊಳಗೆ ಅವನು ಕಾಲಿಡುವವನಲ್ಲ. ನನ್ನ ನೆರಳು ಬಿದ್ದ ಕಡೆ ಚಹಾ ಸಹ ಕುಡಿಯುವುದಿಲ್ಲ. ನಾನು ಬೋರೆ ಎಲೆಯ ನೀರು ಮುಗಿಸಿ ಕರ್ಪೂರದ ನೀರು ಹುಯ್ಯುತ್ತಿದ್ದೆ. ಕಲ್ಲಿನ ಮೇಲೆ ಮಲಗಿದ್ದವನು ನನ್ನ ಅಳಿಯ ಅಯ್ವಾಜ್.

ಹತ್ತು ಗಂಟೆಗೆ ಅರ್ದಬೀಲ್ ಪಟ್ಟಣದಿಂದ ದೊಡ್ಡ ಡಾಕ್ಟರು ಬರುತ್ತಾರಂತೆ. ಶಾಲೆಯ ಅಂಗಳದಲ್ಲಿ ಸಭೆಯಂತೆ. ಹೆಣ ಆ ದಾರಿಯಲ್ಲಿ ಬರಕೂಡದು, ಕಾಲುವೆ ಪಕ್ಕದಲ್ಲಿ ಎತ್ತಿಕೊಂಡು ಹೋಗಬೇಕು ಎಂದು ಹಾಜಿಯ ಅಪ್ಪಣೆ. ಹಿಮ ಈಗ ಕರಗಿದೆ, ಕಾಲುವೆ ಪಕ್ಕ ಮೊಣಕಾಲುದ್ದ ಕೆಸರು, ಹೆಗಲು ಕೊಟ್ಟವರು ಜಾರುತ್ತಾರೆ ಎಂದೆ. ಶಹ್ಮಾರ್ ಹೊಸ್ತಿಲ ಬಳಿಯಿದ್ದ ನೀರಿನ ಬಿಂದಿಗೆಯನ್ನು ಬೂಟುಗಾಲಿನಿಂದ ಒದ್ದ.

"ಬಿದ್ರೆ ಬೀಳ್ಲಿ. ಅವ್ನಿಗೇನು ನೋವಾಯ್ತದಾ?"

ನನ್ನ ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡು ಇನ್ನೊಂದು ಬಿಂದಿಗೆ ತರಲು ಎದ್ದೆ. ಮೂವತ್ತು ವರ್ಷ ನುಂಗಿ ನುಂಗಿ ಅಭ್ಯಾಸವಾಗಿದೆ.

ಹಾಜಿಯ ಆಲೂಗಡ್ಡೆ ಗೋದಾಮಿನಲ್ಲಿ ಎರಡು ಮೂಟೆ ಒಟ್ಟಿಗೆ ಹೊರುತ್ತಿದ್ದ ಗಂಡಸು ಅಯ್ವಾಜ್. ಈಗ ಒಂದೇ ಕೈಯಲ್ಲಿ ಮಗ್ಗುಲು ಹೊರಳಿಸಿದೆ. ಎದೆಗೂಡಿನ ಕೆಳಗೆ ಕೈ ಸವರಿದಾಗ ಅದು ಸಿಕ್ಕಿತು, ಗಟ್ಟಿ ಗಡ್ಡೆ, ಕಲ್ಲಿನ ಹಾಗೆ. ಇವನಿಗಿಂತ ಮೊದಲು, ಆರು ವರ್ಷದಲ್ಲಿ, ನಮ್ಮ ಕೆಳಕೇರಿಯ ಇಪ್ಪತ್ಮೂರು ಗಂಡಸರ ಹೊಟ್ಟೆಯಲ್ಲಿ ನನ್ನ ಕೈಗೆ ಇದೇ ಸಿಕ್ಕಿದೆ. ಹೆಂಗಸರದ್ದು ಎಷ್ಟೆಂದು ನನ್ನ ಹೆಂಡತಿಗೆ ಗೊತ್ತಿತ್ತು. ಅವಳೂ ಅದರಲ್ಲೇ ಹೋದಳು.

ಆದರೆ ಇದನ್ನು ಕ್ಯಾನ್ಸರ್ ಎಂದು ನಾವು ಯಾರೂ ಬಾಯಿಬಿಟ್ಟು ಹೇಳಿದವರಲ್ಲ. ನಮ್ಮಲ್ಲಿ ರೋಗಿಯ ಮುಂದೆ ಆ ಹೆಸರು ಎತ್ತುವುದಿಲ್ಲ. ಕೇಳಿದರೆ ರೋಗಕ್ಕಿಂತ ಮೊದಲು ಹೆದರಿಕೆಯೇ ಕೊಲ್ಲುತ್ತದೆ ಎನ್ನುತ್ತೇವೆ. ಅದಕ್ಕೇ ಊರಿನ ಆರೋಗ್ಯದ ಮನೆಯ ನರ್ಸಮ್ಮ ಪರ್ವಾನೆಯ ಕೈಕಾಲು ಹಿಡಿದು ಚೀಟಿಯಲ್ಲಿ "ಹೊಟ್ಟೆಹುಣ್ಣು" ಎಂದು ಬರೆಸುತ್ತೇವೆ. ಸತ್ತ ಮೇಲೂ ಹಾಗೇ ಬರೆಸುತ್ತೇವೆ, ನಿಜ ಬರೆದರೆ ಆ ಮನೆಯ ಹೆಣ್ಣನ್ನು ಮದುವೆಗೆ ಯಾರೂ ಕೇಳಿಕೊಂಡು ಬರುವುದಿಲ್ಲವಲ್ಲ. ಅಯ್ವಾಜ್‌ನ ಚೀಟಿಯಲ್ಲಿ ಹಾಗೆ ಬರೆಸಿದವನು ನಾನೇ. ಹುಣ್ಣು ಮಾಯಲಿ ಮಾವ, ಬೇಸಿಗೆಗೆ ಸನಮ್‌ಳನ್ನು ಬಿಸಿನೀರಿನ ಬುಗ್ಗೆಗೆ ಕರೆದುಕೊಂಡು ಹೋಗ್ತೀನಿ ಎನ್ನುತ್ತಲೇ ಅವನು ಸತ್ತ.

ಸನಮ್ ನನ್ನ ಮಗಳು. ಎರಡು ತಿಂಗಳಿಂದ ಅವಳಿಗೂ ರೊಟ್ಟಿ ಗಂಟಲಿನಿಂದ ಇಳಿಯುತ್ತಿಲ್ಲ. ಚಹಾದಲ್ಲಿ ಅದ್ದಿ ಕೊಟ್ಟರೂ ವಾಂತಿ. ಗಂಡನ ಚಿಂತೆಗೆ ಹಾಗಾಗ್ತದೆ ಮಗಳೇ ಎಂದು ಅವಳಿಗೂ ಸುಳ್ಳು ಹೇಳಿದ್ದೆ.

ಹಿಂದಿನ ದಿನ ಪರ್ವಾನೆ ಒಂದು ಸುದ್ದಿ ಹೇಳಿದ್ದಳು. ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡುವ ಗಾಡಿಯೊಂದು ಬರುತ್ತದಂತೆ. ರೋಗ ಸಣ್ಣದಿರುವಾಗಲೇ ಹಿಡಿದರೆ ಕೊಯ್ದು ತೆಗೆದು ಬದುಕಿಸಬಹುದಂತೆ. ಆದರೆ ರೋಗ, ಸಾವು ಬರೆದಿಡುವ ಸರ್ಕಾರದ ಪುಸ್ತಕದಲ್ಲಿ ಎಲ್ಲಿ ರೋಗ ಹೆಚ್ಚೋ ಗಾಡಿ ಅಲ್ಲಿಗೆ ಮಾತ್ರ. ಎಲ್ಲಿಗೆಂದು ಈ ಡಾಕ್ಟರು ಇವತ್ತು ತೀರ್ಮಾನಿಸುತ್ತಾರೆ. ಅಯ್ವಾಜ್‌ನ ಸಾವಿನ ಕಾಗದದಲ್ಲಾದರೂ ನಿಜ ಬರೆಯವ್ವ ಎಂದು ಅವಳ ಮುಂದೆ ಅತ್ತೆ. ಅವಳೂ ಅತ್ತಳು. ಹಾಜಿ ಆಗಲೇ ಹುಣ್ಣು ಎಂದು ಬರೆಸಿ ಒಯ್ದಿದ್ದನಂತೆ. ಅವನ ಹೊಲಕ್ಕೆ ಹೊಡೆಯುವ ಹುಳದ ಮದ್ದಿನ ನೀರು ಇಳಿಯುವುದು ಕೆಳಕೇರಿಯ ಬಾವಿಗೆ. ಕೆಳಕೇರಿಗೆ ರೋಗದ ಹೆಸರು ಬಂದರೆ ಅವನ ಆಲೂಗಡ್ಡೆಯನ್ನು ಟೆಹರಾನಿನ ಮಂಡಿಯಲ್ಲಿ ಯಾರು ಮೂಸುತ್ತಾರೆ?

ಹೆಣಕ್ಕೆ ಕಫನಿನ ಬಿಳಿಬಟ್ಟೆ ಸುತ್ತಿ ತಲೆ, ನಡು, ಕಾಲಲ್ಲಿ ಗಂಟು ಹಾಕಿದೆ. ಹೆಗಲು ಕೊಟ್ಟವರಿಗೆ ಶಾಲೆಯ ದಾರಿಯಲ್ಲೇ ನಡೆಯಿರಿ ಎಂದೆ. ಅವರು ಚಟ್ಟವನ್ನು ಅತ್ತಲೇ ತಿರುಗಿಸಿದರು. ಹೆಂಗಸರು ಹಿಂದೆ ಬಂದರು.

ಗೇಟಿನ ಬಳಿ ಬರುವಾಗಲೇ ಕಂಡಿತು, ಅಂಗಳದ ಗೋಡೆಗೆ ದೊಡ್ಡ ನಕಾಶೆ ತೂಗುಹಾಕಿದ್ದರು. ಹಾಜಿಯ ಪಕ್ಕ ಕುರ್ಚಿಯಲ್ಲಿ ಕೂತ ಡಾಕ್ಟರು, ಕೈಯಲ್ಲಿ ಚಹಾದ ಲೋಟ, ಮಾತಾಡುತ್ತಿದ್ದರು. ದಕ್ಷಿಣದ ಕಡಲಂಚಿನ ಜನಕ್ಕೆ ಈ ರೋಗ ಅಪರೂಪ, ನಮ್ಮ ಈ ಬೆಟ್ಟದ ಸೀಮೆಯಲ್ಲಿ ಅದರ ಹಲವು ಪಟ್ಟು. ಉಪ್ಪು ಹೆಚ್ಚು ತಿನ್ನಬೇಡಿ, ಕುದಿಯುವ ಚಹಾ ಕುಡಿಯಬೇಡಿ. ನಕಾಶೆಯಲ್ಲಿ ನಮ್ಮ ಮೇಲಿನ ಹಳ್ಳಿ ಮೇಲೂರು ರೋಗದ ಗುರುತಿಗೆ ಕೆಂಪಾಗಿತ್ತು. ಮೇಲೂರಿನವರು ಪಟ್ಟಣದ ಆಸ್ಪತ್ರೆಗೆ ಹೋಗುತ್ತಾರೆ, ಅಲ್ಲಿ ಯಾರೂ ಹುಣ್ಣು ಎಂದು ಬರೆದುಕೊಡುವುದಿಲ್ಲ. ಕೆಳಕೇರಿ ಬೆಳ್ಳಗಿತ್ತು, ನಡುವೆ ಒಂದು ಸೊನ್ನೆ. ಆರು ವರ್ಷದಲ್ಲಿ ಇಲ್ಲಿ ಒಬ್ಬರಿಗೂ ಇಲ್ಲ, ಆಶ್ಚರ್ಯ ಎಂದರು ಡಾಕ್ಟರು.

"ಮೈಮುರ್ದು ಗೇಯೋ ಜನ ಸಾಹೇಬ್ರೆ, ರೋಗ ಅಂಟಕಿಲ್ಲ" ಎಂದು ಹಾಜಿ ನಕ್ಕ.

ಅಷ್ಟರಲ್ಲಿ ನಾವು ಗೇಟು ದಾಟಿ ಅಂಗಳದೊಳಗೆ ಬಂದೆವು. ಶಹ್ಮಾರ್ ಸಲಿಕೆ ಹಿಡಿದು ಓಡಿಬಂದ. ಮುಂದಿನವನ ಮೊಣಕಾಲಿಗೆ ಬೀಸಿದ. ಅವನು ಕುಸಿದ, ಚಟ್ಟ ಓರೆಯಾಗಿ ನೆಲಕ್ಕೆ ಬಿತ್ತು, ಅಯ್ವಾಜ್‌ನ ತಲೆ ಕಲ್ಲಿಗೆ ಬಡಿದ ಸದ್ದು ನನಗೆ ಕೇಳಿಸಿತು. ಸತ್ತವನಿಗೆ ನೋವಿಲ್ಲ, ನಿಜ. ನನಗೆ ಆಯಿತು.

ಕೂತು ನಡುವಿನ ಗಂಟು ಬಿಚ್ಚಿದೆ. ಕಫನ್ ಗಂಟು ಒಮ್ಮೆ ಹಾಕಿದ ಮೇಲೆ ಗುಂಡಿಯೊಳಗಲ್ಲದೆ ಬಿಚ್ಚುವ ಹಾಗಿಲ್ಲ. ಜನ ತೋಬಾ ತೋಬಾ ಎಂದು ಹಿಂದೆ ಸರಿದರು. ಎದ್ದುಹೋಗಿ ಡಾಕ್ಟರ ಮುಂಗೈ ಹಿಡಿದು ಎಳೆದೆ. ಚಹಾ ಅವರ ಅಂಗಿಯ ಮೇಲೆ ಚೆಲ್ಲಿತು. ಅಂಗೈಯನ್ನು ಅಯ್ವಾಜ್‌ನ ಬರಿಹೊಟ್ಟೆಯ ಮೇಲೆ ಒತ್ತಿ ಹಿಡಿದೆ.

"ಸಿಕ್ತಾ? ಇದು ಹುಣ್ಣಾ? ಕ್ಯಾನ್ಸರು ಇದು. ಬರ್ಕೊ. ಇಪ್ಪತ್ನಾಕು. ಹುಣ್ಣು ಹುಣ್ಣು ಅಂತ ಬರ್ಸಿದ್ದು ನಾವೆಯ, ನಮ್ ಬಾಯಿಗೆ ಮಣ್ಣು ಹಾಕ."

ಶಹ್ಮಾರ್‌ನ ಸಲಿಕೆ ನನ್ನ ಮಣಿಕಟ್ಟಿನ ಮೇಲೆ ಬಿತ್ತು. ಮೂಳೆ ಮುರಿದದ್ದು ಗೊತ್ತಾಯಿತು. ಎರಡನೆಯ ಏಟು ದವಡೆಗೆ. ಹಲ್ಲಿನ ಜೊತೆ ರಕ್ತ ಉಗುಳಿದೆ. ಕೆಳಕೇರಿಯವರು ಸುಮ್ಮನಿರಲಿಲ್ಲ, ಯಾರೋ ಕುರ್ಚಿ ಎತ್ತಿ ಶಹ್ಮಾರ್‌ನ ಮುಖಕ್ಕೇ ಹೊಡೆದರು. ಹಾಜಿಯ ಆಳುಗಳು ದೊಣ್ಣೆ ಹಿಡಿದು ನುಗ್ಗಿದರು. ಡಾಕ್ಟರು ಹೆಣ ಮುಟ್ಟಿದ ಕೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದುಕೊಂಡು, ಮುಖ ಬಿಳಿಚಿಕೊಂಡು ನಿಂತಿದ್ದರು. ಹಾಜಿ ಅವರನ್ನು ಕಾರಿನ ಕಡೆ ತಳ್ಳುತ್ತಾ, "ಹುಚ್ಚಿಡ್ದದೆ ಸೂಳೇಮಗನ್ಗೆ, ಬನ್ನಿ ಸಾಹೇಬ್ರೆ, ಬನ್ನಿ" ಎನ್ನುತ್ತಿದ್ದ.

ಆಗ ಹೆಂಗಸರ ಗುಂಪಿನಿಂದ ಸನಮ್ ಹೊರಬಂದಳು. ಕಾರಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಪರಗಂಡಸಿನ ಬೆರಳು ತಗುಲಿದರೂ ಹೆಣ್ಣಿನ ಮಾನ ಹೋಯಿತೆನ್ನುವ ಊರು ನಮ್ಮದು. ಊರಿಗೂರೇ ನೋಡುತ್ತಿರುವಾಗ ಅವಳು ಡಾಕ್ಟರ ಆ ಕೈಯನ್ನು ಹಿಡಿದು, ಮೈಮೇಲೆ ಹೊದ್ದ ಚಾದರಿನ ಒಳಗೆ ಎಳೆದು, ತನ್ನ ಹೊಟ್ಟೆಗೆ ಒತ್ತಿಕೊಂಡಳು.

"ಇಲ್ಲೂ ಅದೆ ನೋಡಿ. ಅಪ್ಪ ನಂಗೇಳಿಲ್ಲ, ನಂಗೊತ್ತು. ಇಪ್ಪತ್ತೈದು ಅಂತ ಬರ್ಕಳಿ, ನಾನಿನ್ನೂ ಸತ್ತಿಲ್ಲ."

ಹಾಜಿ ಚಾದರಿನ ಸಮೇತ ಅವಳ ಜಡೆ ಹಿಡಿದು ಹಿಂದಕ್ಕೆ ಎಳೆದ. ತಲೆ ಕಾರಿನ ಗಾಜಿಗೆ ಬಡಿಯಿತು. ಮತ್ತೆ ಬಡಿಸಿದ. ಅವಳು ಡಾಕ್ಟರ ಕೈ ಬಿಡಲಿಲ್ಲ.